ಕರಾವಳಿಯ ಮನೆಗೆ ಪೂರ್ತಿ ಲ್ಯಾಮಿನೇಟ್ ನೆಲ ಹಾಕಬಹುದೇ?

ಪರ: ಅಡಿಯ ಕೆಲಸ ಸರಿಯಿದ್ದರೆ ಧಾರಾಳವಾಗಿ

ಮಳೆಗಾಲದಲ್ಲಿ ಉಬ್ಬಿದ ಲ್ಯಾಮಿನೇಟ್ (ಮರದ ನೋಟದ, ಜೋಡಿಸಿ ಹಾಸುವ ಹಲಗೆ) ಎತ್ತಿ ನೋಡಿ. ಹೆಚ್ಚಿನ ಕಡೆ ಕೆಳಗೆ ಪಾಲಿಥಿನ್ ಹಾಳೆಯೇ ಇರುವುದಿಲ್ಲ. ಸಿಮೆಂಟಿನ ಮೇಲೆ ಬರೀ ಫೋಮ್ ಹಾಸಿ, ಹಲಗೆಯನ್ನು ಗೋಡೆಗೆ ಒತ್ತಿ ಜೋಡಿಸಿ, ಸ್ಕರ್ಟಿಂಗ್ ಹೊಡೆದು ಹೋಗಿರುತ್ತಾರೆ. ಬೈಗುಳ ಮಾತ್ರ ಸಾಮಾನಿಗೆ.

ಮೊದಲು ನೆಲದ ತೇವ ನೋಡಬೇಕು. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ತೆಗೆದಾಗ ಅಡಿಯಲ್ಲಿ ಹನಿ ಕಂಡರೆ ಅಥವಾ ಸಿಮೆಂಟು ಕಪ್ಪಾಗಿದ್ದರೆ ಕೆಲಸ ಶುರು ಮಾಡಬೇಡಿ. ಪರೀಕ್ಷೆ ಜುಲೈಯಲ್ಲೇ ಆಗಬೇಕು. ಏಪ್ರಿಲ್‌ನಲ್ಲಿ ಎಂಥ ನೆಲವೂ ಪಾಸಾಗುತ್ತದೆ. ಹಳೆಯ ಟೈಲ್ಸ್ ಗಟ್ಟಿಯಾಗಿದ್ದರೆ ಒಡೆಯುವ ರಗಳೆಯಿಲ್ಲ, ಅದರ ಮೇಲೆಯೇ ಹಾಸಬಹುದು. ಎರಡು ಮೀಟರಿನ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ, 3 ಮಿ.ಮೀ.ಗಿಂತ ಹೆಚ್ಚು ತಗ್ಗು ಇದ್ದಲ್ಲಿ ತುಂಬಿಸಿ. ಇಲ್ಲದಿದ್ದರೆ ನಡೆದಾಡಿದಂತೆ ಹಲಗೆ ಬಗ್ಗಿ, ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಲಾಕ್ ಮುರಿಯುತ್ತದೆ.

ಮೇಲೆ 200 ಮೈಕ್ರಾನ್ ಪಾಲಿಥಿನ್. ಜೋಡಿಸುವಲ್ಲಿ 20 ಸೆಂ.ಮೀ. ಒಂದರ ಮೇಲೊಂದು ಬರಲಿ, ಗೋಡೆಯ ಬದಿ ಎರಡಿಂಚು ಮೇಲಕ್ಕೆ ಮಡಚಲಿ. ಆಮೇಲೆ 2 ಮಿ.ಮೀ. ಫೋಮ್, ಅದಕ್ಕಿಂತ ದಪ್ಪ, ಮೆತ್ತನೆಯ ಫೋಮ್ ಕಾಲಿಗೆ ಹಿತ, ಲಾಕಿಗೆ ಶತ್ರು. ಬಾಕ್ಸುಗಳು ಅದೇ ಕೋಣೆಯಲ್ಲಿ 48 ಗಂಟೆ ಮಲಗಿರಬೇಕು. ಗೋಡೆ, ಬಾಗಿಲಿನ ದಾರಂದ, ಕಂಬ, ಎಲ್ಲ ಕಡೆ ಹಲಗೆ ಹಿಗ್ಗಲು 10 ಮಿ.ಮೀ. ಸಂದು ಬಿಡಿ. ಸ್ಕರ್ಟಿಂಗ್ ಮೊಳೆ ಗೋಡೆಗೆ ಹೋಗಲಿ, ಹಲಗೆಗಲ್ಲ. ಉದ್ದ 8 ಮೀಟರ್ ದಾಟುವಲ್ಲಿ ಬಾಗಿಲ ಬಳಿ ಟಿ-ಪಟ್ಟಿ (ಸಂದು ಮುಚ್ಚುವ ಪಟ್ಟಿ) ಹಾಕಿ ತುಂಡರಿಸಿ. ನೆಲ ಸುಮಾರು 10 ಮಿ.ಮೀ. ಏರುವುದರಿಂದ ಬಾಗಿಲುಗಳ ಅಡಿ ಕೊಯ್ಯಬೇಕಾದೀತು.

ಸವೆತ ತಡೆಯುವುದು ದಪ್ಪವಲ್ಲ, ಎಸಿ ದರ್ಜೆ, ಅಂದರೆ ಮೇಲ್ಪದರ ಸವೆತಕ್ಕೆ ಎಷ್ಟು ತಾಳುತ್ತದೆ ಎಂಬ ಅಳತೆ. ಮರಳು ಕಾಲಿಗಂಟಿ ಬರುವ ಕಾರವಾರದ ಮನೆಗೆ 8 ಮಿ.ಮೀ., ಎಸಿ-4 ಸಾಕು. 1000 ಚದರಡಿಗೆ 1080 ತರಿಸಿ, ಮೇಲೊಂದು ಬಾಕ್ಸ್ ಅಟ್ಟದ ಮೇಲಿರಲಿ. ಅದೇ ಬಣ್ಣ ಮುಂದೆ ಸಿಗದು. ಅಡುಗೆಮನೆಯಲ್ಲಿ ಕ್ಯಾಬಿನೆಟ್ಟು ಮೊದಲು ಸಿಮೆಂಟಿನ ಮೇಲೆ ಕೂರಬೇಕು, ಹಲಗೆ ಅದರ ಕಾಲಿನವರೆಗೆ ಮಾತ್ರ ಬರಬೇಕು. ಬಚ್ಚಲು, ಶೌಚಾಲಯ ಲೆಕ್ಕಕ್ಕಿಲ್ಲ.

ಘಟ್ಟದ ಮೇಲಿನ ಶಿರಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಕೊರೆಯುವ ಟೈಲ್ಸ್ ಮೇಲೆ ಕಾಲಿಟ್ಟವರಿಗೆ ಉಳಿದದ್ದನ್ನು ಹೇಳಬೇಕಿಲ್ಲ.

ವಿರೋಧ: ನಮ್ಮ ಮನೆಗಳು ಒಣಗುವುದೇ ಇಲ್ಲ

ಮೇಲೆ ಹೇಳಿದ ಪಾಲಿಥಿನ್ ನೆಲದಿಂದ ಬರುವ ತೇವ ತಡೆಯುತ್ತದೆ, ಒಪ್ಪೋಣ. ಮೇಲಿನಿಂದ ಬರುವುದನ್ನು?

ಲ್ಯಾಮಿನೇಟಿನ ಒಡಲು ಒತ್ತಿ ಮಾಡಿದ ಮರದ ನಾರು, ಅಂದರೆ ಎಚ್‌ಡಿಎಫ್. ಮೇಲಿನ ಮೆಲಮೈನ್ ಪದರ ನೀರು ಬಿಡುವುದಿಲ್ಲ, ಜೋಡಣೆ ಬಿಡುತ್ತದೆ. ನೀರು ಕುಡಿದ ನಾರು ಒತ್ತಡ ಕಳೆದುಕೊಂಡು ಹಿಗ್ಗುತ್ತದೆ, ಒಣಗಿದರೂ ಮೊದಲಿನ ಗಾತ್ರಕ್ಕೆ ಬರುವುದಿಲ್ಲ. ಕುಡಿಯುವ ನೀರಿನ ಬಿಂದಿಗೆ ಇಡುವ ಜಾಗದಲ್ಲಿ ಇದು ಮೊದಲು ಕಾಣುತ್ತದೆ: ಹಲಗೆಗಳ ನಡುವಿನ ಗೆರೆಯ ಎರಡೂ ಬದಿ ಸಣ್ಣ ದಿಂಡು ಎದ್ದಿರುತ್ತದೆ, ಬೆರಳಿಗೆ ಸಿಗುವಷ್ಟು. ಓಡಾಡಿದಂತೆ ಆ ದಿಂಡಿನ ಮೇಲಿನ ಬಣ್ಣ ಸವೆದು ಬಿಳಿಯಾಗುತ್ತದೆ. ಮರಗೆಲಸದವರು ಇದನ್ನು ಉಜ್ಜಿ ಸರಿ ಮಾಡಲಾರರು, ಬಣ್ಣವೆಂಬುದು ತೆಳು ಕಾಗದ. ಕೋಣೆಯ ನಡುವಿನ ಒಂದು ಹಲಗೆ ಬದಲಿಸಲು ಹತ್ತಿರದ ಗೋಡೆಯಿಂದ ಬಿಚ್ಚಿಕೊಂಡು ಬರಬೇಕು. ಅಂಗಡಿಯವರು 'ವಾಟರ್‌ಪ್ರೂಫ್' ಎಂದರೆ ಎಷ್ಟು ಗಂಟೆ, ಯಾವ ಕಡೆಯಿಂದ ಎಂದು ಕೇಳಿ. ಸಾಮಾನ್ಯವಾಗಿ ಅದು ಮೇಲ್ಮೈಗೆ ಕೊಟ್ಟ ಮಾತು.

ಕೋಣೆಯ ಗಾಳಿಯ ತೇವಾಂಶ ಸುಮಾರು ಶೇ. 35ರಿಂದ 65 ಇದ್ದರೆ ಈ ನೆಲಕ್ಕೆ ಸುಖ. ಜುಲೈಯ ಕಾರವಾರ, ಹೊನ್ನಾವರದಲ್ಲಿ ಅದು ಶೇ. 80ರ ಮೇಲೆಯೇ. ಒದ್ದೆ ಬಟ್ಟೆ ಒಳಗೇ ಹಗ್ಗದ ಮೇಲೆ, ಕೊಡೆ ಜಗಲಿಯಲ್ಲಿ, ದಿನಾ ನೆಲ ಒರೆಸುವುದು ನೀರು ಸೋರುವ ಅರಿವೆಯಲ್ಲಿ. ಹಬ್ಬದ ಮುಂಚೆ ದೇವರ ಕೋಣೆ ತೊಳೆಯದೆ ಇರುವ ಮನೆ ಎಲ್ಲಿದೆ?

ಗೋಡೆಯ ಮಾತು ಯಾರೂ ಎತ್ತುವುದಿಲ್ಲ. ಚಿರೇಕಲ್ಲಿನ ಹಳೆ ಗೋಡೆ ತಳಪಾಯದಿಂದ ತೇವ ಹೀರಿ ಸ್ಕರ್ಟಿಂಗ್ ಎತ್ತರಕ್ಕೆ ಏರಿಸುತ್ತದೆ. ಹಲಗೆಯ ಕೊಯ್ದ ಬರಿ ಅಂಚು ಇರುವುದು ಆ 10 ಮಿ.ಮೀ. ಸಂದಿನಲ್ಲೇ, ಗೋಡೆಗೆ ಎದುರಾಗಿ. ಒರಲೆಗೂ (ಗೆದ್ದಲಿಗೂ) ಅದೇ ದಾರಿ. ಕತ್ತಲೆ, ತಂಪು, ತಿನ್ನಲು ನಾರು; ಮೆಲಮೈನ್ ಮುಟ್ಟದೆ ಒಳಗೆಲ್ಲ ಖಾಲಿ ಮಾಡುತ್ತದೆ. ಕಾಲಿಟ್ಟಾಗ ಕುಸಿದ ಮೇಲಷ್ಟೇ ತಿಳಿಯುವುದು. ಗಾರೆ ನೆಲದ ಮೇಲಾದರೆ ಮಣ್ಣಿನ ಗೆರೆ ಕಂಡು ಮರುದಿನವೇ ಔಷಧಿ ಹೊಡೆಯಬಹುದಿತ್ತು. ಅಡಿಕೆ ಕೊಯ್ಲಿನಲ್ಲಿ ಮೆಟ್ಟುಗತ್ತಿ ಹಾಕಿ ಒಳಗೇ ಸುಲಿಯುವ ಶಿರಸಿ ಸೀಮೆಯ ಮನೆಗಳಿಗಂತೂ ಈ ನೆಲ ಬೇಡವೇ ಬೇಡ.

ಮಹಡಿಯ ಮಲಗುವ ಕೋಣೆಗೆ ಹಾಕಿ, ಅಡ್ಡಿಯಿಲ್ಲ. ಅಲ್ಲಿ ಮಣ್ಣಿನ ತೇವವಿಲ್ಲ, ಬಿಂದಿಗೆಯೂ ಇಲ್ಲ. ಕೆಳಗೆಲ್ಲ ಮರದ ನೋಟವೇ ಬೇಕೆಂದರೆ ಎಸ್‌ಪಿಸಿ ನೋಡಿ: ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ ಹಲಗೆ, ಹಾಗೆಯೇ ಕ್ಲಿಕ್ ಮಾಡಿ ಜೋಡಿಸುವಂಥದ್ದು. ನೀರಿಗೆ ಉಬ್ಬದು, ಒರಲೆಗೆ ರುಚಿಸದು. ಪಡುವಣ ಕಿಟಕಿಯ ನೇರ ಬಿಸಿಲು ಬೀಳುವಲ್ಲಿ ಮಾತ್ರ ಪರದೆ ಬೇಕು, ಕಾದರೆ ಹಿಗ್ಗಿ ಏಳುತ್ತದೆ. ಎರಡರದ್ದೂ ಒಂದೊಂದು ತುಂಡು ಅಂಗಡಿಯಿಂದ ತಂದು, ಬಕೆಟ್ ನೀರಿನಲ್ಲಿ 24 ಗಂಟೆ ಮುಳುಗಿಸಿ, ಅಂಚಿನ ದಪ್ಪ ಅಳೆದು ನೋಡಿದ ಮೇಲೆ ಆರ್ಡರ್ ಕೊಡಿ.