9ನೇ ಕಾಲಮ್ಮಿನ ಚಿರಂಜೀವಿಗಳು

ಮಾಲೂರು ಕಡೆ ಯಾರಾದರೂ ಪಕ್ಕದ ಹೊಲ ಕೊಳ್ಳೋಕೆ ಹೊರಟರೆ ಊರವರು ಮೊದಲು ಕೇಳುವುದು ದುಡ್ಡಿದೆಯಾ ಅಂತ ಅಲ್ಲ, ‘ಯಾರ ಹೆಸರಲ್ಲಿದೆ?’ ಅಂತ. ಹೊಲ ಉಳುವವನು ಕಣ್ಣೆದುರೇ ಇರುತ್ತಾನೆ. ಅವನ ಬೀಡಿ ಹೊಗೆ ಬದು ದಾಟಿ ಈಚೆಗೆ ಬರುತ್ತಿರುತ್ತದೆ. ಆದರೂ ಪ್ರಶ್ನೆ ನ್ಯಾಯವಾದದ್ದೇ. ಪಹಣಿ ಅಂದರೆ ಹೊಲದ ಸರ್ಕಾರಿ ದಾಖಲೆ. ಅದರಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಇರುವುದು ಅವನ ಹೆಸರಲ್ಲ, ಅವನ ತಾತನದ್ದು. ತಾತ ತೀರಿಕೊಂಡಾಗ ಕೆಜಿಎಫ್‌ನಲ್ಲಿ ಇನ್ನೂ ಚಿನ್ನ ತೆಗೆಯುತ್ತಿದ್ದರು. ಗಣಿ 2001ರಲ್ಲಿ ಮುಚ್ಚಿತು. ತಾತನ ಖಾತೆ ಮಾತ್ರ ಚಾಲ್ತಿಯಲ್ಲಿದೆ.

ನನ್ನ ಪ್ರಕಾರ ನಮ್ಮ ಕೋಲಾರ ಜಿಲ್ಲೆಯ ದೊಡ್ಡ ಜಮೀನ್ದಾರರೆಲ್ಲ ತೀರಿಕೊಂಡವರೇ. ಅವರಿಗೆ ಟೊಮೆಟೊ ರೇಟು ಬಿದ್ದರೂ ಚಿಂತೆಯಿಲ್ಲ, ಬೋರ್‌ವೆಲ್ ಬತ್ತಿದರೂ ಚಿಂತೆಯಿಲ್ಲ. ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ ಮೇಲೆ ಹಾದುಹೋಗಿ ಎಕರೆ ರೇಟು ಎಲ್ಲೋ ಹೋದರೂ ಅವರು ಮಾರುವವರಲ್ಲ. ಇಂಥ ಗಟ್ಟಿ ರೈತರು ಬದುಕಿದ್ದವರಲ್ಲಿ ಸಿಗುತ್ತಾರಾ?

ವ್ಯಾಪಾರ ಕುದುರುವುದಕ್ಕೆ ಮಾತ್ರ ಹೊತ್ತು ಬೇಕಾಗಿಲ್ಲ. 20 ಗುಂಟೆ ಅಂದರೆ ಅರ್ಧ ಎಕರೆ. ಪಕ್ಕದವನ ಹೊಲ ನಮ್ಮ ಹೊಲದೊಳಗೆ ಮೂಲೆ ಚುಚ್ಚಿಕೊಂಡು ಬಂದಿರುತ್ತದೆ. ಅದು ಸಿಕ್ಕಿದರೆ ಟ್ರ್ಯಾಕ್ಟರ್ ತಿರುಗುತ್ತದೆ, ಡ್ರಿಪ್ ಪೈಪು ನೇರವಾಗಿ ಎಳೆಯಬಹುದು. ಹೊಂಗೆ ಮರದ ಕೆಳಗೆ ಎರಡು ಟೀ ಕುಡಿಯುವಷ್ಟರಲ್ಲಿ ರೇಟು ಮುಗಿಯುತ್ತದೆ. ಕೈಗೆ ಕೈ ಕೊಟ್ಟು ಟೋಕನ್ ಅಡ್ವಾನ್ಸನ್ನೂ ಕೊಟ್ಟಾಯಿತು. ಬದುಕಿದ್ದವರ ಕೆಲಸ ಇಷ್ಟೇ. ಇಲ್ಲಿಂದ ಮುಂದೆ ಎಲ್ಲವೂ ತಾತನ ಕೈಯಲ್ಲಿ.

ಮೊದಲು ತಾತ ಸತ್ತಿದ್ದಾರೆ ಅಂತ ಸಾಬೀತು ಮಾಡಬೇಕು. ಊರಿಗೆ ಊರೇ ತಿಥಿ ಊಟ ಮಾಡಿದೆ, ಸಮಾಧಿಯೂ ಅದೇ ಹೊಲದಲ್ಲಿದೆ. ಹೊಲ ಅಳೆಯಲು ಬಂದವರು ಅದರ ಮೇಲೇ ಬ್ಯಾಗು ಇಡುತ್ತಾರೆ. ಆದರೆ ಮರಣ ಪ್ರಮಾಣಪತ್ರ? ಆ ಕಾಲದಲ್ಲಿ ಯಾರು ಬರೆಸಿದ್ದರು ಸ್ವಾಮಿ. ಸತ್ತು ಒಂದು ವರ್ಷ ದಾಟಿದರೆ ಸುಮ್ನೆ ಅರ್ಜಿ ಕೊಟ್ಟರೆ ಬರೆದುಕೊಳ್ಳುವುದಿಲ್ಲ, ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಹಾಗಾಗಿ ಮೊಮ್ಮಗ ವಕೀಲರನ್ನು ಹಿಡಿದು, ತನ್ನ ತಾತ ನಿಜವಾಗಿಯೂ ಸತ್ತಿದ್ದಾರೆ, ಬದುಕುವ ಉದ್ದೇಶ ಅವರಿಗೆ ಇಲ್ಲ ಅಂತ ಅಫಿಡವಿಟ್ ಹಾಕಬೇಕು.

2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸಲು ಹೊರಟಿತು. ಒಳ್ಳೆಯ ಕೆಲಸವೇ, ಬೇನಾಮಿ ವ್ಯವಹಾರ ನಿಲ್ಲಲಿ. ಆದರೆ ಬದುಕಿರುವವರ ಬೆರಳನ್ನೇ ಮೆಷಿನ್ ಒಪ್ಪುವುದಿಲ್ಲ. ಹಿಪ್ಪುನೇರಳೆ ಕಿತ್ತು ಕಿತ್ತು ರೇಖೆ ಸವೆದಿರುತ್ತದೆ. ಇನ್ನು ತಾತನ ಹೆಬ್ಬೆಟ್ಟು, ತಾತನ ಒಟಿಪಿ ಎಲ್ಲಿಂದ ತರುವುದು?

ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ವಂಶವೃಕ್ಷ ಬೇಕು. ಈ ವೃಕ್ಷ ಬರೆಯಲು ಕೂತಾಗಲೇ ಮನೆಯಲ್ಲಿ ಹೆಣ್ಣುಮಕ್ಕಳೂ ಹುಟ್ಟಿದ್ದರು ಅನ್ನುವುದು ಅಣ್ಣತಮ್ಮಂದಿರಿಗೆ ನೆನಪಾಗುವುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಮೇಲಂತೂ ಪಿತ್ರಾರ್ಜಿತದಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಪಾಲು. ಗೌರಿ ಹಬ್ಬಕ್ಕೆ ಬಾಗಿನ ಕಳಿಸದ ಅಣ್ಣ ಈಗ ಹೊಸೂರಿಗೂ ಕುಪ್ಪಂಗೂ ಕಾರು ಕಳಿಸುತ್ತಾನೆ. ‘ಬಂದು ಒಂದು ಸೈನ್ ಹಾಕಿ ಹೋಗಮ್ಮ, ಊಟ ಮಾಡ್ಕೊಂಡು ಹೋಗುವಂತೆ’ ಅನ್ನುತ್ತಾನೆ. ಅವರು ‘ಪೇಪರ್‌ನಲ್ಲಿ ಏನಿದೆ ಓದಿ ಹೇಳು’ ಅಂದರೆ ಇವನ ಮುಖ ನೋಡಬೇಕು. ಓದಿಸಿಕೊಳ್ಳದೆ ಸಹಿ ಹಾಕಬೇಡಿ ಅಕ್ಕಂದಿರೇ.

ಇಷ್ಟಾದ ಮೇಲೆ ನಿಜವಾದ ಕಥೆ ಶುರು. ಸರ್ವೆ ನಂಬರ್ ಒಂದೇ, ಖಾತೆದಾರರು ಹತ್ತಾರು. ಪೋಡಿ, ಅಂದರೆ ಒಬ್ಬೊಬ್ಬರ ಪಾಲನ್ನೂ ಅಳೆದು ಬೇರೆ ಮಾಡುವ ಕೆಲಸ, ಆಗಿಲ್ಲ. ನೆಲದ ಮೇಲೆ ಯಾರದು ಎಲ್ಲಿಂದ ಎಲ್ಲಿಗೆ ಅಂತ ಎಮ್ಮೆಗೂ ಗೊತ್ತು, ಅದು ಬದು ದಾಟಿದರೆ ಬೈಗುಳ ಬೀಳುತ್ತದೆ. ಪೇಪರ್ ಮೇಲೆ ಮಾತ್ರ ಎಲ್ಲರೂ ಎಲ್ಲ ಕಡೆ ಇದ್ದಾರೆ. ಜೊತೆಗೆ 3ನೇ ಕಾಲಮ್ಮಿಗೂ 9ನೇ ಕಾಲಮ್ಮಿಗೂ ಮಾತುಕತೆ ನಿಂತು ಎಷ್ಟೋ ಕಾಲವಾಗಿದೆ. 3ರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 4 ಎಕರೆ 12 ಗುಂಟೆ ಅಂತ ಇದೆ ಅಂದುಕೊಳ್ಳಿ. 9ರಲ್ಲಿ ಒಬ್ಬೊಬ್ಬರ ಪಾಲನ್ನೂ ಕೂಡಿದರೆ 4 ಎಕರೆ 31 ಗುಂಟೆ ಆಗುತ್ತದೆ. ಹೆಚ್ಚಿಗೆ ಬಂದ 19 ಗುಂಟೆ ಎಲ್ಲಿದೆ? ಕೇಳಿದರೆ ‘ತಿದ್ದುಪಡಿಗೆ ಅರ್ಜಿ ಕೊಡಿ’ ಅನ್ನುತ್ತಾರೆ. 1,500 ಅಡಿ ಕೊರೆದರೂ ನೀರು ಬಾರದ ಜಿಲ್ಲೆಯಲ್ಲಿ, ಕೊರೆಯದೆ, ಬಿತ್ತದೆ, ಬರೀ ಕೈಬರಹದಲ್ಲಿ 19 ಗುಂಟೆ ಬೆಳೆದು ನಿಂತಿದೆ. ‘ಭೂಮಿ’ ಯೋಜನೆ ಬಂದಾಗ ಅದನ್ನೂ ಬಿಡದೆ ಕಂಪ್ಯೂಟರಿಗೆ ಏರಿಸಿದರು. ತಪ್ಪಿಗೂ ಬಾರ್‌ಕೋಡ್ ಬಂತು.

ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ, ಆ ಭಾಗವನ್ನು ಅಳೆದು ಸರ್ವೆಯವರು ಕೊಡುವ 11ಇ ನಕ್ಷೆ ಬೇಕು. 11ಇ ಆಗಬೇಕಾದರೆ ವಿಸ್ತೀರ್ಣ ತಾಳೆಯಾಗಬೇಕು. ತಾಳೆಯಾಗಬೇಕಾದರೆ ಹಳೇ ದಾಖಲೆ ನೋಡಬೇಕು. ಹಳೇ ದಾಖಲೆ ಕೇಳಿದರೆ ಸಿಗುವುದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ: ‘ಸದರಿ ಕಡತವು ಶಿಥಿಲಗೊಂಡಿದ್ದು ಲಭ್ಯವಿರುವುದಿಲ್ಲ’. ಆ ಹಿಂಬರಹ ಮಾತ್ರ ಎಂಥ ಗಟ್ಟಿ ಕಾಗದದ ಮೇಲೆ ಇರುತ್ತದೆ ಗೊತ್ತಾ? ನೀರಲ್ಲಿ ಬಿದ್ದರೂ ಏನೂ ಆಗುವುದಿಲ್ಲ.

ಹಾಗೂ ಹೀಗೂ ಹಳೇ ಕ್ರಯಪತ್ರ ಒಂದು ಟ್ರಂಕಿನ ತಳದಲ್ಲಿ ಸಿಕ್ಕಿತು ಅನ್ನಿ. ಅದರ ಚಕ್ಕುಬಂದಿ ಓದಿ. ಪೂರ್ವಕ್ಕೆ ಹುಣಸೆ ಮರ. ಪಶ್ಚಿಮಕ್ಕೆ ನೀರಿನ ಹಳ್ಳ. ಉತ್ತರಕ್ಕೆ ಗಾಡಿದಾರಿ. ದಕ್ಷಿಣಕ್ಕೆ ನಮ್ಮಲ್ಲೇ ಉಳಿದ ಬಾಬ್ತು. ಹುಣಸೆ ಮರ ಯಾವುದೋ ಮದುವೆಗೆ ಸೌದೆಯಾಯಿತು. ಹಳ್ಳ ಈಗ ಲೇಔಟಿನ ಎರಡನೇ ಕ್ರಾಸು, ಜೋರು ಮಳೆ ಬಂದ ದಿನ ಮಾತ್ರ ತನ್ನ ಹಳೇ ಜಾಗ ನೆನಪು ಮಾಡಿಕೊಂಡು ಬರುತ್ತದೆ. ಗಾಡಿದಾರಿಯನ್ನು ಎರಡೂ ಕಡೆಯವರು ವರ್ಷಕ್ಕೆ ಒಂದು ಸಾಲಿನಂತೆ ಉತ್ತು ಉತ್ತು ಈಗ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ಉಳಿಸಿದ್ದಾರೆ. ಇದನ್ನೆಲ್ಲ ನೋಡಿದ ಸರ್ವೆಯರ್ ಸುಮ್ನೆ ಛತ್ರಿ ಕೆಳಗೆ ನಿಂತು ಎಲ್ಲೆ ಗುರುತಿನ ಬಾಂದು ಕಲ್ಲು ತೋರಿಸಿ ಅನ್ನುತ್ತಾನೆ. ಅಳತೆಯ ಸರಪಳಿ ಹೋಗಿ ರೋವರ್ ಅನ್ನೋ ಯಂತ್ರ ಬಂದಿದೆ, ಉಪಗ್ರಹ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಅದಕ್ಕೂ ಕಲ್ಲು ಬೇಕು. ಕಲ್ಲು ಯಾರದೋ ಮನೆ ಮುಂದೆ ಬಟ್ಟೆ ಒಗೆಯುವ ಕಲ್ಲಾಗಿದೆ.

ಪಕ್ಕದವನ 20 ಗುಂಟೆ ಪಕ್ಕದವನಿಗೆ ದಕ್ಕದೆ ಕೂತಿರುವಾಗ, ಅದೇ ಬೀದಿಯ ತುದಿಯಲ್ಲಿ ಬೋರ್ಡು ಏಳುತ್ತದೆ. ‘ಫಾರ್ಮ್ ಪ್ಲಾಟ್. ನಿಮ್ಮ ಸ್ವಂತ ತೋಟ, ನಾವೇ ನೋಡಿಕೊಳ್ಳುತ್ತೇವೆ.’ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರು. ರೈತ ಅಲ್ಲದವರೂ ಹೊಲ ಕೊಳ್ಳಬಹುದು, ಎಷ್ಟೇ ಸಂಬಳ ಇದ್ದರೂ ಕೊಳ್ಳಬಹುದು. ಕೊಳ್ಳಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ. ಬೆಂಗಳೂರಿನವರು ಭಾನುವಾರ ಬಂದು, ಮಾವಿನ ಗಿಡದ ಪಕ್ಕ ಫೋಟೋ ತೆಗೆಸಿಕೊಂಡು, ಸಂಜೆ ಟ್ರಾಫಿಕ್ ಆಗೋ ಮುಂಚೆ ಹೊಸಕೋಟೆ ದಾಟುತ್ತಾರೆ. ಅವರ ಪೇಪರ್ ಕೆಲಸಕ್ಕೆ ಓಡಾಡಲು ಕಂಪನಿಯವರಿದ್ದಾರೆ. ಅವರ ತಾತಂದಿರೆಲ್ಲ ಟೈಮಿಗೆ ಸರಿಯಾಗಿ ಸತ್ತಿರುತ್ತಾರೆ, ಸಾಕ್ಷಿ ಸಮೇತ. ನಮ್ಮವನು ಮಾತ್ರ ನಾಡಕಚೇರಿ ಮೆಟ್ಟಿಲ ಮೇಲೆ ಕೂತು, ಸರ್ವರ್ ಬಂತಾ ಅಂತ ಕಿಟಕಿ ಒಳಗೆ ಇಣುಕುತ್ತಿರುತ್ತಾನೆ.

ಅಷ್ಟರಲ್ಲಿ ಖರ್ಚು ಏರುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇಕಡ 1ರಿಂದ 2ಕ್ಕೆ ಹೋಯಿತು. ಗ್ರಾಮ ಲೆಕ್ಕಿಗರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ ಅಂತ ಬದಲಾಯಿತು. ನೋಡಿ, ಇಲಾಖೆ ಮನಸ್ಸು ಮಾಡಿದರೆ ಹೆಸರು ಬದಲಾಯಿಸೋದು ಕಷ್ಟವೇನಲ್ಲ.

ಕೊನೆಗೆ ಇಬ್ಬರೂ ನಮ್ಮ ಊರುಗಳ ಹಳೇ ದಾರಿ ಹಿಡಿಯುತ್ತಾರೆ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ಮಾರಾಟ ನೋಂದಣಿ ಆಗಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ಆ ಕಾಯ್ದೆಗೆ ಗೌರವ ಕೊಟ್ಟು ಸರಿಯಾಗಿ 100 ರೂಪಾಯಿಯ ಛಾಪಾ ಕಾಗದ ತರುತ್ತಾರೆ. ಮಾರುವವನು ಸಹಿ ಹಾಕುತ್ತಾನೆ, ಹಾಲಿನ ಡೈರಿಯವರು ಸಾಕ್ಷಿ ಹಾಕುತ್ತಾರೆ, ದುಡ್ಡು ಕೈ ಬದಲಾಗುತ್ತದೆ. ‘ನೀನು ಉತ್ಕೋ, ಖಾತೆ ಎಲ್ಲಾ ಮಕ್ಕಳು ನೋಡ್ಕೊಳ್ತಾರೆ.’ ಕೊಂಡವನು ಮಾರನೇ ದಿನವೇ ಬದು ಒಡೆದು ರಾಗಿಗೆ ಹೊಲ ಹದ ಮಾಡುತ್ತಾನೆ. ಟ್ರ್ಯಾಕ್ಟರ್ ಸದ್ದು ಕೇಳಿ ಆಚೆ ಕಡೆ ಹೊಲದವನು ಟವೆಲ್ ಕೊಡವಿಕೊಂಡು ಬಂದು ಬದು ಮೇಲೆ ನಿಲ್ಲುತ್ತಾನೆ.

‘ನಮ್ದೂ ಒಂದು 10 ಗುಂಟೆ ಇದೆ, ನೋಡ್ತೀಯಾ? ಪೇಪರ್ ಎಲ್ಲಾ ಕ್ಲಿಯರ್.’