5 ಗಂಟೆಗೆ ಸೆವಿಲ್‌ನಲ್ಲಿ ಸಂಜೆ ಆಗಿರಲ್ಲ ಸ್ವಾಮಿ

ಜುಲೈ ತಿಂಗಳಲ್ಲಿ ಸ್ಪೇನಿನ ಸೆವಿಲ್ ಊರಲ್ಲಿ 5 ಗಂಟೆಗೆ ‘ಸಂಜೆ ತಂಪಿನ ನಡಿಗೆ’ ಅಂತ ಟೂರ್ ಮಾರ್ತಾರಲ್ಲ, ಇವರಿಗೆ ಮನುಷ್ಯತ್ವ ಇದೆಯಾ? ದುಡ್ಡು ಹೋಯ್ತು ಅಂತಲ್ಲ ನನ್ನ ಸಿಟ್ಟು. ವಯಸ್ಸಾದ ಅಪ್ಪ ಅಮ್ಮನ್ನ ಆ ಉರಿಯಲ್ಲಿ ನಿಲ್ಲಿಸಿದರಲ್ಲ, ಅದಕ್ಕೆ.

ಅಲ್ಲಿ ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರೋದೇ ಮಧ್ಯಾಹ್ನ ಎರಡೂವರೆಗೆ. 1940ರಿಂದ ಸ್ಪೇನ್ ಇಟ್ಟುಕೊಂಡಿರೋದು ಜರ್ಮನಿಯ ಗಡಿಯಾರ, ಅಂದರೆ ಒಂದು ಗಂಟೆ ಮುಂದಿನ ಸಮಯ, ಅದರ ಮೇಲೆ ಬೇಸಿಗೆಗೆ ಅಂತ ಇನ್ನೊಂದು ಗಂಟೆ ಮುಂದೆ ತಳ್ತಾರೆ. ಹೊತ್ತು ಮುಳುಗುವಾಗ ರಾತ್ರಿ ಒಂಬತ್ತೂಮುಕ್ಕಾಲು. ಅಂದರೆ ಕಾವು ಏರಿ ಏರಿ ತುದಿ ಮುಟ್ಟೋದೇ 5–6 ಗಂಟೆಗೆ! ಊರಿನವರಿಗೆ ಇದು ಚೆನ್ನಾಗಿ ಗೊತ್ತು. 2 ಗಂಟೆಗೆಲ್ಲ ಎಷ್ಟೋ ಅಂಗಡಿಗಳು ಬಾಗಿಲು ಎಳೀತವೆ, ಕಿಟಕಿ ಮುಚ್ಚಿ ಜನ ಒಳಗೆ ಸೇರ್ತಾರೆ, ಬೀದಿ ತುಂಬೋದು ಕತ್ತಲಾದ ಮೇಲೆ. ಸಿಯರ್ಪೆಸ್ ಬೀದಿಯ ಉದ್ದಕ್ಕೂ ಬಟ್ಟೆಯ ಚಪ್ಪರ ಕಟ್ಟಿರ್ತಾರೆ. 2022ರಲ್ಲಿ ಚಂಡಮಾರುತಕ್ಕೆ ಇಡೋ ಹಾಗೆ ಬಿಸಿಗಾಳಿಗೂ ‘ಜೋಯಿ’ ಅಂತ ಹೆಸರಿಟ್ಟು ಜನರನ್ನ ಎಚ್ಚರಿಸಿದ ಊರದು.

ಅಂಥ ಊರಲ್ಲಿ ನಮ್ಮನ್ನ ಕರೆದುಕೊಂಡು ಹೋಗಿದ್ದು ಪ್ಲಾಜಾ ದೆ ಎಸ್ಪಾನ್ಯಾಗೆ. 1929ರ ಪ್ರದರ್ಶನಕ್ಕೆ ಕಟ್ಟಿದ ಅರ್ಧಚಂದ್ರದ ಕಟ್ಟಡ, ಅದರ ಅಂದಕ್ಕೆ ಎರಡು ಮಾತಿಲ್ಲ. ಆದರೆ ಎದುರಿನ ಅಂಗಳ ಬರೀ ಬಯಲು. ಒಂದೊಂದು ಪ್ರಾಂತ್ಯದ ಚಿತ್ರ ಇರೋ ಟೈಲ್ಸ್ ಬೆಂಚುಗಳಿವೆಯಲ್ಲ, ಅಮ್ಮ ಸುಸ್ತಾಗಿ ಒಂದರ ಮೇಲೆ ಕೂತರು. ಕೂತವರೇ ‘ಅಯ್ಯಯ್ಯೋ’ ಅಂತ ಎದ್ದರು. ಕಾದ ಹೆಂಚಾಗಿತ್ತು ಅದು, ಸೀರೆ ದಾಟಿ ಸುಟ್ಟಿತ್ತು. ಬಾಟಲಿ ನೀರು ಬಾಯಿಗೆ ಇಟ್ಟರೆ ಬಿಸಿ. ಅಪ್ಪ ಮಾತಾಡೋದನ್ನೇ ನಿಲ್ಲಿಸಿಬಿಟ್ಟಿದ್ದರು. ಬರುವಾಗ ಔಷಧಿ ಅಂಗಡಿಯ ಹಸಿರು ಬೋರ್ಡಿನಲ್ಲಿ 43 ಡಿಗ್ರಿ ಅಂತ ಮಿನುಗ್ತಾ ಇತ್ತು. ಗೈಡ್ ಹುಡುಗಿಯನ್ನ ನಾನು ಬೈಯಲ್ಲ. ಪಾಪ, ಅವಳು ದಿನಾ ಅದೇ ಬಿಸಿಲಲ್ಲಿ ನಿಲ್ಲಬೇಕು, ಅವಳ ಬಗ್ಗೆಯಾದರೂ ಯೋಚಿಸಬಾರದಾ?

ಟೂರ್ ಕಂಪನಿಗೆ ಫೋನ್ ಮಾಡಿ ಕೇಳಿದರೆ ಬಂದ ಉತ್ತರ: ‘ನೀವು ಇಂಡಿಯಾದವರು, ಬಿಸಿಲು ಅಭ್ಯಾಸ ಇರಬೇಕಲ್ಲ.’ ಮೈಯೆಲ್ಲ ಉರಿದುಹೋಯ್ತು. ನಾವು ರಾಯಚೂರಿನವರು ಕಣ್ರೀ! ಬಿಸಿಲು ಗೊತ್ತಿರೋದಕ್ಕೇ ಮೇ ತಿಂಗಳ ಮಟಮಟ ಮಧ್ಯಾಹ್ನ ನಮ್ಮಲ್ಲಿ ಹಿರಿಯರನ್ನ ಹೊಸಿಲು ದಾಟೋಕೆ ಬಿಡಲ್ಲ.

ಬೆಳಿಗ್ಗೆ 8ಕ್ಕೆ ಇಡಿ, ಇಲ್ಲ ರಾತ್ರಿ 9ರ ಮೇಲೆ ಇಡಿ. 40 ದಾಟುತ್ತೆ ಅಂತ ಹವಾಮಾನ ಇಲಾಖೆ ಹೇಳಿದ ದಿನ ಟೂರ್ ರದ್ದು ಮಾಡಿ, ದುಡ್ಡು ವಾಪಸ್ ಕೊಡಿ. ಅಷ್ಟೂ ಆಗದಿದ್ದರೆ ಜುಲೈ, ಆಗಸ್ಟ್ ಎರಡು ತಿಂಗಳು ಆ ಟಿಕೆಟ್ ಮಾರಲೇಬೇಡಿ.