ಅಡ್ವಾನ್ಸ್ ಕಾಯುವ ಕೆಲಸ

ಬೆಂಗಳೂರಿನಲ್ಲಿ ಏನು ಕೆಲಸ ಅಂತ ಊರಲ್ಲಿ ಯಾರಾದರೂ ಕೇಳಿದರೆ ಸಾಫ್ಟ್‌ವೇರ್ ಎನ್ನುತ್ತೇನೆ. ನಿಜವಾದ ಕೆಲಸ ಬೇರೆ. ಓನರ್ ಹತ್ತಿರ ಇರುವ ನನ್ನ ಅಡ್ವಾನ್ಸನ್ನು ಕಾಯುವುದು.

ಬಿಟಿಎಂ ಲೇಔಟಿನಲ್ಲಿ ಒಂದು ರೂಮು, ಒಂದು ಹಾಲು, ಅಡುಗೆಮನೆ. ಬಾಡಿಗೆ 18,000. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿದರು. ಅಪ್ಪ ದಾವಣಗೆರೆಯಿಂದ ಬಂದು, ಮಂಡಿಪೇಟೆಯಲ್ಲಿ ಕಲಿತ ಚೌಕಾಸಿಯನ್ನೆಲ್ಲ ಸುರಿದು ಆರಕ್ಕೆ ಇಳಿಸಿದರು. ಗೆದ್ದ ಖುಷಿಯಲ್ಲಿ, 'ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಟ್' ಎಂಬ ಸಾಲನ್ನು ಅವರೂ ಓದಲಿಲ್ಲ, ನಾನೂ ಓದಲಿಲ್ಲ.

ಮನೆಗೆ ಬಾಲ್ಕನಿ ಇದೆ. ಅದನ್ನು ತೋರಿಸಿಯೇ ಬ್ರೋಕರ್ ಕಮಿಷನ್ ಎಣಿಸಿಕೊಂಡಿದ್ದು. ಅಲ್ಲಿ ನಿಂತು ಕೈ ಚಾಚಿದರೆ ಎದುರುಮನೆಯ ಒಗ್ಗರಣೆ ಡಬ್ಬಿ ಸಿಗುತ್ತದೆ. ನಾನು ಯಾವತ್ತು ಅನ್ನ ಮಾಡಿದೆ, ಯಾವತ್ತು ಬ್ರೆಡ್ಡಿನಲ್ಲೇ ಮುಗಿಸಿದೆ ಅನ್ನೋದು ಆ ಮನೆ ಆಂಟಿಗೆ ನನಗಿಂತ ಚೆನ್ನಾಗಿ ಗೊತ್ತು.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿದಾಗ ನಮ್ಮ ಸಂಪಿನದೂ ಅದೇ ಕಥೆ. ಒಂದು ಬೆಳಿಗ್ಗೆ ತಲೆಗೆ ಶಾಂಪೂ ಹಚ್ಚಿದ ಮೇಲೆ ನಲ್ಲಿ 'ಫುಸ್' ಎಂದಿತು. ಟ್ಯಾಂಕರ್ ಮಧ್ಯಾಹ್ನಕ್ಕಂತೆ. ಕಣ್ಣು ಉರಿಯುತ್ತಿದೆ. ಕೊನೆಗೆ ತಡಕಾಡಿಕೊಂಡು ಹೋಗಿ 20 ಲೀಟರಿನ ಕುಡಿಯುವ ನೀರಿನ ಕ್ಯಾನನ್ನೇ ತಲೆ ಮೇಲೆ ಬಗ್ಗಿಸಿಕೊಂಡೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಹಾಕುತ್ತಿದ್ದ ಕಾಲ ಅದು. ತಲೆಗೆ ದಂಡ ಇರಲಿಲ್ಲ, ಪುಣ್ಯ!

ಇನ್ನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಟ್ರಾಫಿಕ್ ಜಾಮ್. ಅದರ ಬಗ್ಗೆ ಹೊಸದಾಗಿ ಹೇಳೋಕೆ ಏನೂ ಉಳಿದಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಬಂದ ಮೇಲೆ ನಾನು ಅದರ ಮೇಲಿಂದಲೇ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತೇನೆ. ಅದಕ್ಕೆ ಆರು ತಿಂಗಳ ಮುಂಚೆಯೇ ಮೆಟ್ರೋದ ಗರಿಷ್ಠ ದರ 60ರಿಂದ 90 ಆಗಿತ್ತು. ಬರುವ ನೆಂಟರಿಗೆ ಮೊದಲೇ ಅಡುಗೆ ಮಾಡಿಟ್ಟ ಹಾಗೆ.

"ಅಷ್ಟು ಬಾಡಿಗೆ ಕೊಟ್ರೆ ನಮ್ಮ ವಿದ್ಯಾನಗರದಲ್ಲಿ ಇಡೀ ಮನೆ ಬರುತ್ತೆ, ಮುಂದೆ ತೆಂಗಿನಮರ ಬೇರೆ" ಅಂತ ಅಮ್ಮ ವಾರಕ್ಕೊಮ್ಮೆ ಹೇಳುತ್ತಾಳೆ. ನಿಜವೇ. ಆದರೆ ತೆಂಗಿನಮರದ ಕೆಳಗೆ ನನಗೆ ಯಾರು ಕೆಲಸ ಕೊಡುತ್ತಾರೆ? ಇಲ್ಲಿ ಒಂದು ಕಂಪನಿ ಕೈಬಿಟ್ಟರೆ ಅದೇ ಮೆಟ್ರೋದಲ್ಲಿ ಒಂದು ಸ್ಟೇಷನ್ ಹಿಂದೆ ಇಳಿದರಾಯಿತು. ಆ ಧೈರ್ಯಕ್ಕೇ ನಾನು ಬಾಡಿಗೆ ಕಟ್ಟುತ್ತಿರೋದು ಅನಿಸುತ್ತದೆ. ತಿಂಗಳ 25ನೇ ತಾರೀಖಿನ ನಂತರ ಹಾಗೆ ಅನಿಸುವುದಿಲ್ಲ, ಅದು ಬೇರೆ ಮಾತು.

ಈ ಸಲ ಯುಗಾದಿಗೆ ಅಮ್ಮನೇ ಬಂದಳು. ಬ್ಯಾಗಿನಿಂದ ಕ್ಯಾಲೆಂಡರ್ ತೆಗೆದು, ಒಂದು ಮೊಳೆ ಕೊಡು ಎಂದಳು.

"ಬೇಡಮ್ಮಾ, ಗೋಡೆ ಹಾಳಾದ್ರೆ ಪೇಂಟಿಂಗ್ ದುಡ್ಡು ಹಿಡಿತಾರೆ."

"ಹಾಳಾಗದಿದ್ರೆ?"

"ಆಗಲೂ ಹಿಡಿತಾರೆ."

ಅಮ್ಮ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. "ಎರಡು ವರ್ಷ ಕ್ಯಾಲೆಂಡರ್ ಇಲ್ದೆ ಕೂತಿದ್ದೀಯಲ್ಲೋ! ತಗೊಂಬಾ ಸುತ್ತಿಗೆ."

ಈಗ ಗೋಡೆಯಲ್ಲಿ ಒಂಬತ್ತು ಮೊಳೆಗಳಿವೆ. ತಲಾ 2,000 ರೂಪಾಯಿ ಬಿದ್ದಂತಾಯಿತು. ಇನ್ನೊಂದು ಹೊಡೆದರೆ 1,800ಕ್ಕೆ ಇಳಿಯುತ್ತದೆ.